ಅಳಿಸಿದ ಹಗ್ಗ

ನಮ್ಮಪ್ಪನನ್ನು ಊರ ಮುಂದೆ ಸುಳ್ಳುಗಾರನನ್ನಾಗಿ ಮಾಡಿದವನನ್ನು ನಾನು ನೀರಿಗೆ ಕೆಡವಿದೆ ಎಂದು ನಮ್ಮೂರಲ್ಲಿ ಕೆಲವರು ಹೇಳುತ್ತಾರೆ. ಕೆಡವಲಿಲ್ಲ. ಅವನು ಬೀಳಲಿರುವುದನ್ನು ಕ್ಯಾಮರಾದ ಹಿಂದೆ ಕುಳಿತು ನೋಡಿದೆ. ಈ ಎರಡರ ನಡುವೆ ಎಷ್ಟು ದೂರವಿದೆ ಎಂದು ಅಳೆಯಲು ನಾಲ್ಕೈದು ಸಲ ದಿನಚರಿ ತೆರೆದು ಮುಚ್ಚಿದ್ದೇನೆ. ಅಳತೆ ಪ್ರತಿ ಸಲವೂ ಬೇರೆ ಬರುತ್ತದೆ.

ನಾನು ಕುಷ್ಟಗಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಕಣ್ಣಾರೆ ಕಂಡವನ ಮಾತನ್ನೂ ಇನ್ನೊಂದು ದಾಖಲೆಯ ಪಕ್ಕದಲ್ಲಿಟ್ಟು ನೋಡಬೇಕು ಎಂದು ಮಕ್ಕಳಿಗೆ ಹೇಳುವವಳು. ಧಾರವಾಡದಲ್ಲಿ ಎಂ.ಎ. ಓದುವಾಗ ಈ ಮಾತು ಬಹಳ ಹಿಡಿಸಿತ್ತು. ಅದು ರಾಜರಿಗೆ, ಶಾಸನಗಳಿಗೆ ಸಂಬಂಧಪಟ್ಟದ್ದು ಎಂದುಕೊಂಡಿದ್ದೆ. ಆದ್ದರಿಂದ ಇಲ್ಲಿ ನೆನಪಿನಿಂದ ಬರೆದದ್ದು ಯಾವುದು, ದಿನಚರಿಯಲ್ಲಿ ಇದ್ದದ್ದು ಯಾವುದು ಎಂದು ಆದಷ್ಟು ಬಿಡಿಸಿ ಹೇಳುತ್ತೇನೆ. ಸೇಡಿನ ವಿಷಯದಲ್ಲಿ ಮಾತ್ರ ಎರಡೂ ಒಂದೇ ಹೇಳುತ್ತವೆ. ನನಗೆ ಅದು ಬೇಕಾಗಿತ್ತು.

ನಮ್ಮೂರು ಕೊಪ್ಪಳ ತಾಲೂಕಿನಲ್ಲಿ, ತುಂಗಭದ್ರೆಯ ಹಿನ್ನೀರಿನ ದಂಡೆಗಿದೆ. ಇಲ್ಲಿ ಮೀನು ಹಿಡಿಯುವವರು ಹೆಚ್ಚಿನವರು ಹರಿಗೋಲಿನವರು. ಅಪ್ಪ ಮಾತ್ರ ದೋಣಿಯವನು. ಅವನ ಹರೆಯದಲ್ಲಿ ಆಂಧ್ರದ ಕರಾವಳಿಯಿಂದ ಕೆಲವು ಮನೆಯವರು ಬಂದು ಇದೇ ದಂಡೆಯಲ್ಲಿ ಗುಡಿಸಲು ಹಾಕಿದ್ದರಂತೆ. ಅವರಲ್ಲೊಬ್ಬ ಮುದುಕ ಅಪ್ಪನಿಗೆ ಹಾಯಿ ಕಟ್ಟುವುದನ್ನು ಕಲಿಸಿದ. ಅಪ್ಪನ ಹಾಯಿ ಎಂದರೆ ಬೇರೇನಲ್ಲ, ಬಿಚ್ಚಿ ಹೊಲಿದ ಗೊಬ್ಬರದ ಚೀಲಗಳು. ಎರಡು ಬಿದಿರು, ಒಂದು ಕಂಬ, ಹಿಂದೆ ಕುಳಿತು ತಿರುಗಿಸಲು ಒಂದು ಉದ್ದನೆಯ ಹುಟ್ಟು. ಹಾಯಿಯ ಕೆಳತುದಿಯಿಂದ ಒಂದು ಹಗ್ಗ ಬರುತ್ತದೆ. ಗಾಳಿಯನ್ನು ಹಿಡಿಯುವುದೂ ಬಿಡುವುದೂ ಆ ಹಗ್ಗವೇ. ಅದನ್ನು ಅಪ್ಪ ಬಲಗಾಲಿನ ಹೆಬ್ಬೆರಳಿಗೆ ಒಂದೇ ಸುತ್ತು ಸುತ್ತಿಕೊಳ್ಳುತ್ತಿದ್ದ. ಎಡಗೈ ಹುಟ್ಟಿನ ಮೇಲೆ, ಬಲಗೈ ಬಲೆ ಎಳೆಯಲು ಖಾಲಿ. ಜೋರು ಗಾಳಿ ಬಂದರೆ ಬೆರಳು ಬಗ್ಗಿಸಿದರೆ ಸಾಕು, ಹಗ್ಗ ಜಾರಿ ಹಾಯಿ ಸಡಿಲಾಗುತ್ತದೆ. ಕಟ್ಟಬಾರದು. ಹಾಯಿಯ ಹಗ್ಗವನ್ನು ದೋಣಿಗೆ ಕಟ್ಟಬಾರದು ಎಂಬುದು, ನಾನು ಅ ಆ ಇ ಈ ಕಲಿಯುವ ಮೊದಲೇ ನಮ್ಮ ಮನೆಯಲ್ಲಿ ಕಲಿತ ಮಾತು.

ಎರಡು ವರ್ಷದ ಹಿಂದೆ ನಾನೊಂದು ಹಳೆಯ ಕ್ಯಾಮರಾ ಕೊಂಡೆ. ಐತವಾರಕ್ಕೊಮ್ಮೆ ಊರಿಗೆ ಬಂದಾಗ ಅಪ್ಪನ ದೋಣಿ ಹತ್ತಿ ಫೋಟೋ ತೆಗೆಯುವುದು ಅಭ್ಯಾಸವಾಯಿತು. ದೋಣಿಯಲ್ಲಿ ಫೋಟೋ ತೆಗೆಯುವುದು ಕಷ್ಟ. ನೀವೂ ಅಲುಗುತ್ತೀರಿ, ಎದುರಿನವನೂ ಅಲುಗುತ್ತಾನೆ, ಇಬ್ಬರೂ ಬೇರೆ ಬೇರೆ ಲಯದಲ್ಲಿ. ನೀರಿನ ಗೆರೆ ಯಾವಾಗಲೂ ಸೊಟ್ಟ. ಗೊಬ್ಬರದ ಚೀಲಕ್ಕೆ ಬಿಸಿಲು ಬಿದ್ದರೆ ಅದು ಬೆಳ್ಳಗೆ ಉರಿದು, ಅಪ್ಪನ ಮುಖ ಬೆಂದ ಬದನೆಕಾಯಿಯಂತೆ ಕಪ್ಪಾಗಿಬಿಡುತ್ತಿತ್ತು. ಮುಂದುಗಡೆ ಕುಳಿತು, ಬೆನ್ನನ್ನು ಕಂಬಕ್ಕೆ ಒರಗಿಸದೆ ಸೊಂಟದಿಂದ ಅಲುಗಾಟವನ್ನು ನುಂಗಿಕೊಳ್ಳಬೇಕು, ಅಲೆಯ ನೆತ್ತಿಯಲ್ಲಿ ದೋಣಿ ಒಂದು ಕ್ಷಣ ನಿಲ್ಲುತ್ತದಲ್ಲ, ಆಗ ಗುಂಡಿ ಒತ್ತಬೇಕು ಎಂದು ತಿಳಿಯಲು ಒಂದು ಮಳೆಗಾಲವೇ ಬೇಕಾಯಿತು.

ಹೋದ ವರ್ಷ ಆಷಾಢದಲ್ಲಿ ಒಂದು ಒಳ್ಳೆಯ ಫೋಟೋ ಬಂತು. ಹಿಂದೆ ತುಂಬಿದ ನೀರು, ಉಬ್ಬಿದ ಹಾಯಿ, ಅಪ್ಪ ಎಡಗೈಯಿಂದ ಹುಟ್ಟು ಹಿಡಿದು ಬಲಗೈಯನ್ನು ಮೊಣಕಾಲ ಮೇಲಿಟ್ಟು ಎಲ್ಲೋ ದೂರ ನೋಡುತ್ತಿದ್ದಾನೆ. ಒಂದೇ ಕೊರತೆ, ಹಾಯಿಯ ಹಗ್ಗ ಓರೆಯಾಗಿ ಅವನ ಗದ್ದದಿಂದ ಎದೆಯ ಮೇಲೆ ಹಾದುಹೋಗಿತ್ತು, ಯಾರೋ ಫೋಟೋವನ್ನು ಗೀಚಿ ಹಾಕಿದಂತೆ. ಆ ಸಂಜೆ ಕುಷ್ಟಗಿಯ ಕೋಣೆಯಲ್ಲಿ ಕುಳಿತು ಫೋನಿನಲ್ಲೇ ಅದನ್ನು ಸುಧಾರಿಸಿದೆ. ನೀರಿನ ಗೆರೆ ನೇರ ಮಾಡಿದೆ. ಚೀಲದ ಮೇಲಿನ ಅಕ್ಷರಗಳನ್ನು ತೆಗೆದೆ. ಮುಖವನ್ನು ಬೆಳಗಿಸಿದೆ, ಸುಕ್ಕುಗಳನ್ನು ಸ್ವಲ್ಪ ನಯ ಮಾಡಿದೆ. ಕೊನೆಗೆ ಹಗ್ಗವನ್ನು ಬೆರಳಿನಿಂದ ಒರೆಸಿದೆ. ಅದು ಇದ್ದ ಜಾಗದಲ್ಲಿ ಅಂಗಿ, ಗದ್ದ, ಆಕಾಶ ತಾವಾಗಿಯೇ ತುಂಬಿಕೊಂಡವು. ದಿನಚರಿಯಲ್ಲಿ ಬರೆದಿದ್ದೇನೆ: “ಹಗ್ಗ ತೆಗೆದ ಮೇಲೆ ಫೋಟೋ ಉಸಿರಾಡಿತು.” ಇದನ್ನು ಈಗ ಓದಿದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮುಂದಿನ ವಾರ ಅಪ್ಪನಿಗೆ ತೋರಿಸಿದೆ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

“ಭಾಳ ಛಲೋ ಬಂದೈತಿ. ಯಾರ ಇಂವ?”

“ನೀನ ಅಪ್ಪಾ.”

“ನಾ? ನನ್ನ ಮದುವಿ ಫೋಟೋದಾಗೂ ಇಷ್ಟ ಕೆಂಪಗ ಇದ್ದಿಲ್ಲ ನಾ.” ಆಮೇಲೆ ಹತ್ತಿರ ಹಿಡಿದ. “ಹಗ್ಗ ಎಲ್ಲೈತಿ?”

“ಮಾರಿಗೆ ಅಡ್ಡ ಬಂದಿತ್ತು. ಅಳಿಸೀನಿ.”

“ಹಗ್ಗ ಅಳಿಸಿದ್ರ ಹಾಯಿ ಯಾರು ಹಿಡದಾರವಾ? ನಿಮ್ಮ ಕಾಲೇಜಿನ ಪ್ರಿನ್ಸಿಪಾಲ್ರಾ?”

ಅವ್ವ ಒಳಗಿನಿಂದ ನಕ್ಕಳು. ನಾನೂ ನಕ್ಕೆ. ನಗುತ್ತಲೇ ಆ ಫೋಟೋವನ್ನು ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದೆ. ಗುಂಪಿನಲ್ಲಿ ಎಲ್ಲರೂ ಕೈ ಮುಗಿದರು, ಹೂವು ಹಾಕಿದರು. ಸೋದರತ್ತೆಯ ಮಗ ಒಂದು ಹೆಬ್ಬೆಟ್ಟು ಹಾಕಿದ.

ಅವನ ಬಗ್ಗೆ ಹೇಳಬೇಕು. ಅಪ್ಪನ ತಂಗಿಯ ಮಗ. ನನಗೆ ವರಸೆಯಲ್ಲಿ ಭಾವ, ಅಪ್ಪನಿಗೆ ಸೋದರಳಿಯ. ನಮ್ಮಲ್ಲಿ ಇಂಥ ವರಸೆಯವರು ಒಬ್ಬರನ್ನೊಬ್ಬರು ಎಷ್ಟು ಚಾಷ್ಟಿ, ಗೇಲಿ ಮಾಡಿದರೂ ಯಾರೂ ಸಿಟ್ಟಾಗಬಾರದು. ನಮ್ಮ ಇಬ್ಬರ ಮದುವೆಯ ಮಾತು ಒಮ್ಮೆ ಎದ್ದು, ನಾನು ಧಾರವಾಡಕ್ಕೆ ಹೋದ ಮೇಲೆ ತಾನಾಗಿಯೇ ಮಲಗಿತು. ಅದರ ಮುಳ್ಳು ಯಾರಲ್ಲಿ ಉಳಿದಿದೆ ಎಂದು ನನಗೆ ಗೊತ್ತಿಲ್ಲ. ನನ್ನಲ್ಲಿಲ್ಲ ಎಂದು ಹೇಳಲು ಹೋಗಿ ಪ್ರತಿ ಸಲ ಒಂದು ಕ್ಷಣ ತಡೆಯುತ್ತೇನೆ. ಅವನು ನೀರಿಗಿಳಿದವನಲ್ಲ. ಊರಿನ ಮೀನನ್ನು ಗಂಗಾವತಿಯ ಪೇಟೆಗೆ ಒಯ್ಯುವ ಗಾಡಿ ಅವನದು. ಆ ಗಾಡಿ ಒಂದು ದಿನ ಬರದಿದ್ದರೆ ಊರಿನ ಮೀನು ದಂಡೆಯಲ್ಲೇ ನಾರುತ್ತದೆ. ಆದ್ದರಿಂದ ಅವನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ಅವನ ಕಣ್ಣು ಅಪ್ಪನ ನೀರಿನ ಮೇಲಿತ್ತು. ನಮ್ಮಲ್ಲಿ ಮೀನುಗಾರರ ಸಂಘವೊಂದಿದೆ. ಯಾರ ಬಲೆ ಯಾವ ನೀರಿನಲ್ಲಿ ಎಂದು ಪಾಸು ಕೊಡುವುದು ಅದೇ. ಅಪ್ಪನ ಪಾಲಿಗೆ ಬಂದದ್ದು ಮುಳುಗಿದ ಒಂದು ಊರಿನ ಮೇಲಿನ ನೀರು. ಕೆಳಗೆ ಹಾಳು ಗೋಡೆಗಳಿವೆ. ಗೋಡೆಯ ಸಂದಿಗಳಲ್ಲಿ ಮೀನು ನಿಲ್ಲುತ್ತವೆ. ಬಲೆ ಎಲ್ಲಿ ಬಿಟ್ಟರೆ ಗೋಡೆಗೆ ಸಿಕ್ಕಿ ಹರಿಯುವುದಿಲ್ಲ ಎಂಬುದು ಅಪ್ಪನಿಗೆ ಓಣಿ ಓಣಿ ಗೊತ್ತು. ಈ ವರ್ಷ ಸಂಘ ಹೊಸ ನಿಯಮ ಮಾಡಿತು. ಖರೆ ನೀರಿಗಿಳಿಯುವವರಿಗೆ ಮಾತ್ರ ಪಾಸು, ಪ್ರತಿಯೊಬ್ಬರೂ ತಮ್ಮ ದೋಣಿ ಇಲ್ಲವೇ ಹರಿಗೋಲಿನಲ್ಲಿ ಕುಳಿತ ಒಂದು ಫೋಟೋ ಅರ್ಜಿಗೆ ಹಚ್ಚಬೇಕು. ಅಪ್ಪ ಫೋನು ಮಾಡಿ, “ನಿನ್ನ ಆ ಕೆಂಪನೆ ಮನಷ್ಯಾನ ಫೋಟೋ ಕೊಡವಾ” ಎಂದ. ನಾನು ಕುಷ್ಟಗಿಯಲ್ಲಿ ಒಳ್ಳೆಯ ಕಾಗದದ ಮೇಲೆ ಮುದ್ರಿಸಿ ತಂದು ಕೊಟ್ಟೆ. ಅದು ನನ್ನ ಹೆಮ್ಮೆ. ಅರ್ಜಿಯೂ ನಾನೇ ಬರೆದದ್ದು.

ಹದಿನೈದು ದಿನದ ಮೇಲೆ ಸಂಘದ ಶೆಡ್ಡಿಗೆ ಕರೆ ಬಂತು. ಅಂದು ರಜೆ, ನಾನೂ ಹೋದೆ. ಕಾರ್ಯದರ್ಶಿ ಯಲಬುರ್ಗಾ ಕಡೆಯವರು, ಎರೆಹೊಲದ ಮನುಷ್ಯ. ನೀರನ್ನು ಅವರು ಕೊಡದಲ್ಲಿ ನೋಡಿದ್ದೇ ಹೆಚ್ಚು ಎಂದು ಅಪ್ಪ ಹೇಳುತ್ತಿದ್ದ. ಅವರು ಮೇಜಿನ ಮೇಲೆ ಎರಡು ಫೋಟೋ ಇಟ್ಟರು. ಅದೇ ದೋಣಿ. ಅದೇ ಹಾಯಿ. ಹುಟ್ಟಿನ ಮೇಲೆ ಅದೇ ಎಡಗೈ, ಮೊಣಕಾಲ ಮೇಲೆ ಅದೇ ಬಲಗೈ. ಒಂದರ ಮೇಲೆ ಅಪ್ಪನ ಮುಖ, ಇನ್ನೊಂದರ ಮೇಲೆ ಅತ್ತೆಯ ಮಗನ ಮುಖ. ಅವನದು ಒಂದು ವಾರ ಮೊದಲು ಬಂದಿತ್ತು.

“ಇದ್ರಾಗ ಖರೇದು ಯಾವ್ದು? ನೀವ ಹೇಳ್ರಿ” ಎಂದರು ಕಾರ್ಯದರ್ಶಿ.

ಬೆಂಚಿನ ಮೇಲೆ ಎಂಟು ಹತ್ತು ಜನ ಸದಸ್ಯರು ಕುಳಿತಿದ್ದರು. ಅಪ್ಪನ ದೋಣಿಯನ್ನು ಕತ್ತಲಲ್ಲಿ ಕೈ ಸವರಿ ಗುರುತಿಸುವವರು. ಎಲ್ಲರೂ ಅತ್ತೆಯ ಮಗನ ಕಡೆ ನೋಡಿದರು, ಆಮೇಲೆ ನೆಲ ನೋಡಿದರು.

ಅತ್ತೆಯ ಮಗ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. “ದೋಣಿ ನಂದರಿ ಸರ. ಮಾವಗ ನಡಸಾಕ ಕೊಟ್ಟೀನಿ. ವಯಸ್ಸಾತು, ಮನ್ಯಾಗ ಕುಂದ್ರು ಅಂದ್ರ ಕೇಳಂಗಿಲ್ಲ. ಕೂಲಿ ಅಂತ ಹ್ಯಾಂಗ ಅನ್ಲಿ, ಸ್ವಂತ ಮಾವ!”

“ಹಂಗಾರ ಈ ಫೋಟೋ?”

“ಸರ, ನೋಡ್ರಲಾ, ಮಾರಿ ನೋಡ್ರಿ” ಎಂದು ಅಪ್ಪನ ಫೋಟೋದ ಮೇಲೆ ಬೆರಳಿಟ್ಟ. “ಎಪ್ಪತ್ತರ ಹತ್ರ ಹತ್ರ ಬಂದ ಮನಷ್ಯಾಂದು ಹಿಂಗ ಇರತೈತೇನ್ರಿ? ಗಲ್ಲ ನೋಡ್ರಿ, ಬೆಣ್ಣಿ ಹಚ್ಚಿದಂಗ ಐತಿ. ಮಾವನ ಮಗಳು ಕಲ್ತಾಕಿ. ಕಂಪ್ಯೂಟರಿನ್ಯಾಗ ಅಪ್ಪನ ಮಾರಿ ತಂದು ನನ್ನ ಮೈಗೆ ಹಚ್ಯಾಳ.”

ಒಬ್ಬ ನಕ್ಕ. ಆಮೇಲೆ ಎಲ್ಲರೂ. ಯಾರೋ ಹಿಂದಿನಿಂದ, “ಮಾವಾ, ಯಾವ ಸಾಬಾಣ ಹಚ್ಚತೀಯೋ? ನಮಗೂ ಹೇಳು!” ಎಂದ.

ಕಾರ್ಯದರ್ಶಿ ಎರಡನ್ನೂ ಬೆಳಕಿಗೆ ಹಿಡಿದರು. ಅವರದು ತಪ್ಪಲ್ಲ. ನಾನು ನಯ ಮಾಡಿದ ಅಪ್ಪನ ಮುಖ, ಅಪ್ಪನ ಕುತ್ತಿಗೆಗೆ ಹೊಂದಿರಲಿಲ್ಲ. ಬಳಗದ ಗುಂಪಿಗೆ ನಾನೇ ಹಾಕಿದ ಫೋಟೋದ ಮೇಲೆ ಅತ್ತೆಯ ಮಗನ ಮುಖವನ್ನು ಯಾವ ಸ್ಟುಡಿಯೋದವನು ಕೂರಿಸಿದ್ದನೋ, ಅಲ್ಲಿ ಬಿಸಿಲಿತ್ತು, ಬೆವರಿತ್ತು, ಕುತ್ತಿಗೆಯ ಬಣ್ಣವೇ ಮುಖಕ್ಕೂ ಇತ್ತು. ಖರೆಯ ಫೋಟೋ ಸುಳ್ಳಾಗಿ ಕಂಡಿತು, ಸುಳ್ಳಿನದು ಖರೆಯಾಗಿ. ಮೂಲ ಫೋಟೋ ನನ್ನ ಬಳಿ ಉಳಿದಿರಲಿಲ್ಲ. ಸುಧಾರಿಸಿದ ಮೇಲೆ ಹಳೆಯದನ್ನು ಅಳಿಸುವುದು ನನ್ನ ಕೆಟ್ಟ ಚಟ.

ಅಪ್ಪ ಚಪ್ಪಲಿ ಹಾಕಿಕೊಂಡು ಹೊರಗೆ ನಡೆದ. ಅವನ ಅರ್ಜಿಯ ಮೇಲೆ ಕಾರ್ಯದರ್ಶಿ ‘ನಕಲಿ ಫೋಟೋ’ ಎಂದು ಬರೆದು ಗೆರೆ ಎಳೆದದ್ದನ್ನು ನಾನೊಬ್ಬಳೇ ನೋಡಿದೆ. ಮುಂದಿನ ತಿಂಗಳು ಪಾಸು ಹಂಚುವ ಹೊತ್ತಿಗೆ ಅಪ್ಪನಿಗೆ ನೀರಿಲ್ಲ ಎಂದು ಅದರ ಅರ್ಥ.

ಮನೆಗೆ ಬಂದ ಮೇಲೂ ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನ್ನ ಸಿಟ್ಟು ಅರ್ಧ ನನ್ನ ಮೇಲೆಯೇ ಇಳಿದು ಹೋಗುತ್ತಿತ್ತೇನೋ. ಅವ್ವ ಮಾತ್ರ ಗೋಡೆಗೆ ಮುಖ ಮಾಡಿ, “ತಂಗಿ ಮಗ, ಸ್ವಂತ ತಂಗಿ ಮಗ” ಎಂದು ನಾಲ್ಕು ಸಲ ಹೇಳಿದಳು. ಅಪ್ಪ ಹರಿಯದ ಬಲೆಯನ್ನು ಹರವಿಕೊಂಡು, ಹರಿದಿದೆಯೇನೋ ಎಂಬಂತೆ ಕಣ್ಣು ಕಣ್ಣು ಹುಡುಕುತ್ತ ಕುಳಿತ. ಆ ಸಂಜೆಯ ದಿನಚರಿಯಲ್ಲಿ ಒಂದೇ ಸಾಲಿದೆ: “ಅವನನ್ನು ಅದೇ ದೋಣಿಯಲ್ಲಿ ಕೂರಿಸುತ್ತೇನೆ.”

ಮರುದಿನ ಕುಷ್ಟಗಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕುಳಿತಾಗ ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವು. ಆಷಾಢ ಹತ್ತಿರ ಬಂದಿತ್ತು. ರೆಕ್ಕೆಗಳು ಜೋರಾಗಿ ತಿರುಗುತ್ತಿದ್ದವು. ಆ ವಾರವೆಲ್ಲ ಪಾಠ ಮಾಡುತ್ತ, ಉತ್ತರ ಪತ್ರಿಕೆ ತಿದ್ದುತ್ತ, ದಾಳಿಂಬೆ ತೋಟದ ಬದಿಯಲ್ಲಿ ಸಂಜೆ ನಡೆಯುತ್ತ ನಾನು ಅವನನ್ನು ಹಲವು ಬಗೆಯಲ್ಲಿ ಸೋಲಿಸಿದೆ. ಒಂದರಲ್ಲಿ ಅವನು ಅಪ್ಪನ ಕಾಲು ಹಿಡಿಯುತ್ತಿದ್ದ. ಒಂದರಲ್ಲಿ ಅವನ ಗಾಡಿ ಸುಟ್ಟು ಹೋಗುತ್ತಿತ್ತು. ಇಂಥ ಕನಸುಗಳಲ್ಲಿ ನನಗೆ ನಾಚಿಕೆ ಬರಬೇಕಿತ್ತು. ಬರಲಿಲ್ಲ, ಊಟ ರುಚಿಸುತ್ತಿತ್ತು.

ಶುಕ್ರವಾರ ಕಾರ್ಯದರ್ಶಿಗೆ ಫೋನು ಮಾಡಿದೆ. ಎರಡು ಫೋಟೋದಲ್ಲಿ ಯಾವುದು ಖರೆ ಎಂದು ಫೋಟೋ ನೋಡಿ ಹೇಳಲು ಆಗದಿದ್ದರೆ ದೋಣಿಯನ್ನೇ ಕೇಳಬಹುದಲ್ಲ ಎಂದೆ. ಇಬ್ಬರೂ ಅದೇ ದೋಣಿಯಲ್ಲಿ ಕುಳಿತು ಹಾಯಿ ಏರಿಸಲಿ, ನೀವೇ ಜೊತೆಗಿರಿ, ನಾನು ಹೊಸ ಫೋಟೋ ತೆಗೆಯುತ್ತೇನೆ, ತೆಗೆದ ಕೂಡಲೇ ನಿಮಗೆ ತೋರಿಸುತ್ತೇನೆ. ಅವರಿಗೂ ಮನಸ್ಸಿನಲ್ಲಿ ಕೊರೆಯುತ್ತಿತ್ತೇನೋ, ಒಪ್ಪಿದರು.

ಐತವಾರ ಮಧ್ಯಾಹ್ನ ದಂಡೆಯ ಮೇಲೆ ಅರ್ಧ ಊರು ಸೇರಿತ್ತು. ಅತ್ತೆಯ ಮಗ ಬಿಳಿ ಅಂಗಿ ಹಾಕಿಕೊಂಡು, ಆಗ ತಾನೇ ಕೂದಲಿಗೆ ಕಪ್ಪು ಹಚ್ಚಿಕೊಂಡು ಬಂದಿದ್ದ.

“ಏನ ಭಾವ, ಹಾಯಿ ಏರಸಾಕ ಬರತೈತೇನು, ಇಲ್ಲಾ ಫೋಟೋದಾಗ ಅಷ್ಟನ?” ಎಂದೆ, ಎಲ್ಲರಿಗೂ ಕೇಳುವಂತೆ.

“ನಿನ್ನ ಮದುವಿ ಆಗಿದ್ರ ದಿನಾ ದೋಣ್ಯಾಗ ಕುಂದ್ರಿಸಿಕೊಂಡು ತಿರಗಿಸ್ತಿದ್ದೆ. ನಿನ್ನ ನಸೀಬದಾಗ ಇದ್ದಿಲ್ಲ.”

“ನನ್ನ ನಸೀಬ ಛಲೋ ಐತಿ ಬಿಡು.”

ದಂಡೆ ನಕ್ಕಿತು. ಆ ನಗು ಮುಗಿಯುವ ಮೊದಲೇ ಅವನು ದೋಣಿಗೆ ಕಾಲಿಡಬೇಕಾಯಿತು. ಚಾಷ್ಟಿಯಲ್ಲಿ ಹಿಂಜರಿದವನು ನಮ್ಮಲ್ಲಿ ಗಂಡಸಲ್ಲ. ಮೊದಲ ಸರದಿ ಅವನದು. ಅವನು ಹಿಂದೆ ಹುಟ್ಟಿನ ಬಳಿ, ಕಾರ್ಯದರ್ಶಿ ನಡುವೆ ಹಲಗೆಯನ್ನು ಎರಡೂ ಕೈಯಿಂದ ಹಿಡಿದು, ನಾನು ಮುಂದೆ ಅವರಿಬ್ಬರಿಗೂ ಮುಖ ಮಾಡಿ. ಅಪ್ಪ ದಂಡೆಯಲ್ಲಿ ನಿಂತಿದ್ದ. ಚಿಕ್ಕಂದಿನಲ್ಲಿ ಈ ದೋಣಿಯಲ್ಲಿ ಆಡಿದ್ದರಿಂದ ಅತ್ತೆಯ ಮಗನಿಗೆ ಹಾಯಿ ಏರಿಸಲು ಬಂತು. ದೋಣಿ ಸರಾಗವಾಗಿ ದಂಡೆ ಬಿಟ್ಟು ಹೋಯಿತು. ಕಾರ್ಯದರ್ಶಿಯ ಮುಖದಲ್ಲಿ, ಇವನೇ ಖರೆ ಇದ್ದಾನಲ್ಲ ಎಂಬ ಭಾವ ಮೂಡಿದ್ದನ್ನು ಕಂಡೆ. ಅವನು ಹಗ್ಗವನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದಿದ್ದ.

ಆಗ ನಾನು ಹೇಳಿದೆ: “ಭಾವ, ಆ ಫೋಟೋದಾಗ ಹ್ಯಾಂಗ ಕುಂತೀಯೋ ಹಂಗ ಕುಂದ್ರು. ಎಡಗೈ ಹುಟ್ಟಿನ ಮ್ಯಾಲ. ಬಲಗೈ ಮೊಣಕಾಲ ಮ್ಯಾಲ. ಸರ ಎರಡೂ ಫೋಟೋ ಹೋಲಿಸಿ ನೋಡ್ಬೇಕಲ.”

ಅವನು ಆ ಫೋಟೋವನ್ನು ಎಷ್ಟು ಸಲ ನೋಡಿದ್ದನೋ. ಅದರಲ್ಲಿ ಹಗ್ಗವಿಲ್ಲ. ಬಲಗೈ ಮೊಣಕಾಲ ಮೇಲಿದ್ದರೆ ಹಗ್ಗ ಎಲ್ಲಿರಬೇಕು ಎಂದು ಅದು ಅವನಿಗೆ ಹೇಳಲಿಲ್ಲ, ಕಾಲ ಬೆರಳಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ಒಂದು ಕ್ಷಣ ಕೈಯಲ್ಲಿದ್ದ ಹಗ್ಗ ನೋಡಿದ. ಆಮೇಲೆ ಕಾರ್ಯದರ್ಶಿಗೆ ಕಾಣದಂತೆ, ತಾನು ಕುಳಿತ ಹಲಗೆಯ ಗೂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದ. ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕೈಯನ್ನು ಮೊಣಕಾಲ ಮೇಲಿಟ್ಟು ದೂರ ನೋಡಿದ, ನಮ್ಮಪ್ಪನ ಹಾಗೆ.

ನಾನು ಗಂಟಿನ ಫೋಟೋ ತೆಗೆದೆ.

ಮೇಲುಗಡೆಯಿಂದ ನೀರಿನ ಮೈ ಕಪ್ಪಾಗುತ್ತ ಒಂದು ಪಟ್ಟಿ ನಮ್ಮ ಕಡೆ ಬರುತ್ತಿತ್ತು. ಜೋರು ಗಾಳಿ ಹಾಗೆಯೇ ಬರುವುದು. ನೆನಪು ಹೇಳುತ್ತದೆ: ಆ ಪಟ್ಟಿ ಕಂಡ ಕೂಡಲೇ ನಾನು “ಹಗ್ಗಾ ಬಿಚ್ಚೋ!” ಎಂದು ಕೂಗಿದೆ. ಈ ನೆನಪು ಬಹಳ ಗಟ್ಟಿಯಾಗಿದೆ. ಗಂಟಲು ಹರಿದದ್ದೂ ನೆನಪಿದೆ. ಕ್ಯಾಮರಾ ಬೇರೆ ಹೇಳುತ್ತದೆ. ಪ್ರತಿ ಫೋಟೋದ ಜೊತೆ ಅದು ಹೊತ್ತನ್ನೂ ಬರೆದಿಡುತ್ತದೆ. ಗಂಟಿನ ಫೋಟೋ ಆದ ಮೇಲೆ ಹದಿನಾಲ್ಕು ಸೆಕೆಂಡುಗಳಲ್ಲಿ ಒಂಬತ್ತು ಫೋಟೋಗಳಿವೆ. ಹಾಯಿ ಬಿಗಿದದ್ದು. ಅವನು ತಲೆ ಎತ್ತಿದ್ದು. ದೋಣಿ ಒಂದು ಬದಿಗೆ ವಾಲಿದ್ದು. ಕಾರ್ಯದರ್ಶಿಯ ಕೈ ಹಲಗೆಯಿಂದ ಬಿಟ್ಟದ್ದು. ಅವನು ಗಂಟಿಗೆ ಎರಡೂ ಕೈ ಹಾಕಿ, ಗಾಳಿಯ ಭಾರಕ್ಕೆ ಅದು ಕಲ್ಲಾಗಿ ಬಿಗಿದಿರುವುದನ್ನು ಕಂಡುಕೊಂಡದ್ದು. ಅಂಚಿನ ಮೇಲೆ ನೀರು ಬಂದದ್ದು. ಎಲ್ಲವೂ ಚೊಕ್ಕಾಗಿ ಬಂದಿವೆ. ಕೈ ಸ್ವಲ್ಪವೂ ನಡುಗಿಲ್ಲ. ಅಲೆಯ ನೆತ್ತಿಯಲ್ಲಿ ಗುಂಡಿ ಒತ್ತಿದ್ದೇನೆ.

ಬಲೆಯ ಕೆಲಸಕ್ಕೆ ಅಪ್ಪ ಮುಂದಿನ ಹಲಗೆಯ ಸಂದಿಯಲ್ಲಿ ಒಂದು ಚಾಕು ಸಿಗಿಸಿಡುತ್ತಾನೆ. ಹತ್ತನೆಯ ಫೋಟೋ ತೆಗೆಯಲಿಲ್ಲ. ಆ ಚಾಕು ಕಿತ್ತುಕೊಂಡು ತೆವಳಿ ಹೋಗಿ ಹಗ್ಗ ಕತ್ತರಿಸಿದೆ. ಹಾಯಿ ಪಟಪಟನೆ ಬಡಿದುಕೊಂಡು ಸಡಿಲಾಯಿತು. ದೋಣಿ ಅರ್ಧ ನೀರು ತುಂಬಿಕೊಂಡು ಮೇಲೆದ್ದಿತು. ಅಷ್ಟರಲ್ಲಿ ಅವನು ಹೊರಗೆ ಬಿದ್ದಿದ್ದ. ಬಾವಿಯ ಈಜು ಬರುತ್ತಿತ್ತು, ಅಲೆಯ ಈಜು ಬರುತ್ತಿರಲಿಲ್ಲ. ದೋಣಿಯ ಅಂಚು ಹಿಡಿದು ಬಾಯಿ ತೆರೆದ. ಕೂದಲಿನ ಕಪ್ಪು ಹಣೆಯ ಮೇಲೆ ಮೂರು ಗೆರೆಯಾಗಿ ಇಳಿದು ಕಣ್ಣಿಗೆ ಹೋಯಿತು. ಕ್ಯಾಮರಾ ಇನ್ನೂ ಕೊರಳಲ್ಲಿತ್ತು. ಆ ಮುಖದ ಫೋಟೋವನ್ನೂ ತೆಗೆದೆ.

ದಂಡೆಯಿಂದ ಎರಡು ಹರಿಗೋಲು ಬಂದವು. ಒಂದರಲ್ಲಿ ಅಪ್ಪನೇ ಇದ್ದ. ಅಳಿಯನ ಅಂಗಿಯ ಕೊರಳು ಹಿಡಿದು, ಮೀನಿನ ಬುಟ್ಟಿ ಎತ್ತಿದ ಹಾಗೆ ಎತ್ತಿ ಹಾಕಿಕೊಂಡ.

ದಂಡೆಯಲ್ಲಿ ಕಾರ್ಯದರ್ಶಿ ಧೋತರ ಹಿಂಡುತ್ತ, “ಯವ್ವಾ, ಇನ್ನೊಮ್ಮಿ ನಾ ಇದನ್ನ ಹತ್ತಂಗಿಲ್ಲ. ಇಲ್ಲಿಂದನ ನೋಡ್ತೀನಿ” ಎಂದರು. ನೀರು ಚೆಲ್ಲಿ, ಹಗ್ಗಕ್ಕೆ ಗಂಟು ಹಾಕಿ ಉದ್ದ ಮಾಡಿಕೊಂಡು ಅಪ್ಪ ತನ್ನ ಸರದಿಗೆ ಅಣಿಯಾದ. ನಾನು ಹತ್ತಲು ಹೋದೆ.

“ನೀ ಇಲ್ಲೇ ನಿಂದ್ರು” ಎಂದ.

ಒಬ್ಬನೇ ಹೋದ. ಅದೇ ಗಾಳಿ. ಹಾಯಿ ಉಬ್ಬಿತು, ವಾಲಿತು, ಸಡಿಲಾಯಿತು, ಮತ್ತೆ ಉಬ್ಬಿತು. ಬೆಂಚಿನ ಮೇಲೆ ನೆಲ ನೋಡಿದ್ದ ಸದಸ್ಯರಲ್ಲಿ ಹಿರಿಯನೊಬ್ಬ ಕಾರ್ಯದರ್ಶಿಯ ಹತ್ತಿರ ಬಂದು, “ಕಾಲ ನೋಡ್ರಿ ಸರ, ಕಾಲ. ಹೆಬ್ಬಟ್ಟ ಬಿಡ್ತಾನ, ಹಿಡೀತಾನ” ಎಂದ. ಆಮೇಲೆ ಮಾತು ಸಿಕ್ಕಿತು, ಒಬ್ಬೊಬ್ಬರೂ ಆಡಿದರು. ದೋಣಿ ಯಾರದು, ಹಾಯಿ ಹೊಲಿದವರು ಯಾರು, ಯಾವ ಹುಣಸೆಯ ಕೊಂಬೆಯಿಂದ ಹುಟ್ಟು ಕೆತ್ತಿದ್ದು, ಎಲ್ಲ ಹೊರಬಂತು. ನಾನು ಗಂಟಿನ ಫೋಟೋ ತೋರಿಸಿದೆ. ಅಂದು ಸಂಜೆಯೇ ಕಾರ್ಯದರ್ಶಿ ಅಪ್ಪನ ಅರ್ಜಿಯ ಮೇಲಿನ ಗೆರೆಯನ್ನು ರದ್ದು ಮಾಡಿ ಸಹಿ ಹಾಕಿದರು. ಅತ್ತೆಯ ಮಗನ ಹೆಸರನ್ನು ಪಟ್ಟಿಯಿಂದ ತೆಗೆದರು. ಮುಳುಗಿದ ಊರಿನ ನೀರು ಅಪ್ಪನಿಗೆ ಉಳಿಯಿತು.

ಇಷ್ಟಕ್ಕೆ ನಾನು ನಿಲ್ಲಬಹುದಿತ್ತು. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ, ಇರಕಲ್ಲಗಡದ ಅಜ್ಜಿಯಿಂದ ಹಿಡಿದು ಎಲ್ಲರೂ ಇರುವ ಅದೇ ಬಳಗದ ಗುಂಪಿಗೆ, ಹಣೆಯ ಮೇಲೆ ಕಪ್ಪು ಇಳಿದ ಅವನ ಫೋಟೋ ಹಾಕಿದೆ. ಯಾವ ಸುಧಾರಣೆಯನ್ನೂ ಮಾಡದೆ ಹಾಕಿದೆ. ನೀರಿನ ಗೆರೆ ಸೊಟ್ಟಗೇ ಇತ್ತು. ಕೆಳಗೆ ಬರೆದೆ: “ಮಾರಿ ಯಾರದು, ಮೈ ಯಾರದು ಅಂತ ಈಗ ಯಾರಿಗೂ ಅನುಮಾನ ಇಲ್ಲಲ್ಲ?” ಬಸ್ಸು ಕುಷ್ಟಗಿ ಮುಟ್ಟುವ ಮೊದಲೇ ಮೂವತ್ತು ನಗುಗಳು ಬಂದವು. ಗಂಗಾವತಿಯ ಪೇಟೆಯಲ್ಲಿ ಅವನ ಗಾಡಿ ನಿಂತಲ್ಲಿ ಜನ ಹಣೆ ಮುಟ್ಟಿ ತೋರಿಸುತ್ತಾರಂತೆ. ಕೇಳಿದಾಗ ನನ್ನ ಎದೆ ತಂಪಾಯಿತು. ಇದನ್ನು ಬರೆಯುವಾಗಲೂ ತಂಪಾಗಿದೆ. ಸುಳ್ಳು ಬರೆದರೆ ದಿನಚರಿ ಯಾತಕ್ಕೆ?

ಅತ್ತೆ ಫೋನು ಮಾಡಿದಳು. ಮಗ ಮಾಡಿದ್ದು ತಪ್ಪೆಂದು ಮೊದಲೇ ಒಪ್ಪಿಕೊಂಡಳು. “ಆದ್ರ ತಂಗೀ, ಹುಡುಗ ಮುಳಗಾಕ ಹತ್ತಿದಾಗ ನಿನ್ನ ಕೈಯಾಗ ಕ್ಯಾಮರಾ ಇತ್ತಲ್ಲ?” ಎಂದಳು. ನಾನು, “ಹಗ್ಗ ಕಡದಾಕಿನೂ ನಾನ ಅತ್ತಿ” ಎಂದೆ. ಅವಳು ಫೋನು ಇಟ್ಟಳು.

ಉತ್ತರ ಸರಿಯಾಗಿತ್ತು. ಆದರೂ ಆ ರಾತ್ರಿ ದಿನಚರಿಯ ಹಿಂದಿನ ಪುಟ ತಿರುವಿದೆ. ಕಾರ್ಯದರ್ಶಿಗೆ ಫೋನು ಮಾಡಿದ ಶುಕ್ರವಾರದ ಕೆಳಗೆ, ನನ್ನದೇ ಅಕ್ಷರದಲ್ಲಿ: “ಬಲಗೈ ಮೊಣಕಾಲ ಮೇಲಿಡಲು ಹೇಳಬೇಕು.” ಈ ಸಾಲು ಬರೆದದ್ದು ನನಗೆ ನೆನಪೇ ಇಲ್ಲ. ದೋಣಿಯಲ್ಲಿ ಆ ಮಾತು ಆ ಹೊತ್ತಿಗೆ ಹೊಳೆದದ್ದು ಎಂದೇ ನಂಬಿದ್ದೆ. ಅವನು ಕಟ್ಟುತ್ತಾನೆಂದು ನನಗೆ ಗೊತ್ತಿತ್ತೇ? ಹಗ್ಗ ಬಿಟ್ಟು ಹಾಯಿ ಬಡಿದುಕೊಂಡು ನಗೆಪಾಟಲಾಗಲಿ ಎಂದಷ್ಟೇ ಬಯಸಿದ್ದೆನೇ? ಸಾಲು ಹೇಳುವುದಿಲ್ಲ. ನೆನಪು ನನ್ನ ಪರವಾಗಿ ಹೇಳುತ್ತದೆ, ಅದಕ್ಕೇ ಅದನ್ನು ನಂಬಲು ಕಷ್ಟ.

ಪಾಸು ಬಂದ ವಾರ ಊರಿಗೆ ಹೋದೆ. ಅಪ್ಪ ಬಲೆ ಮಡಿಚುತ್ತಿದ್ದ. ನಾನು ಕ್ಯಾಮರಾ ಹೆಗಲಿಗೆ ಹಾಕಿಕೊಂಡು ದಂಡೆಯ ತನಕ ಹಿಂದೆ ನಡೆದೆ. ಅವನು ದೋಣಿಗೆ ಬುಟ್ಟಿ ಹಾಕಿ, ತಿರುಗಿ ನಿಂತ.

“ಆ ಗಂಟು ನೀ ನೋಡಿದ್ದಿ.”

“ನೋಡಿದ್ದೆ.”

“ನೋಡಿ ಎಷ್ಟ ಹೊತ್ತ ಸುಮ್ಕಿದ್ದಿ?”

ಕೂಡಲೇ ಕೂಗಿದೆ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. “ಹದಿನಾಲ್ಕು ಸೆಕೆಂಡು” ಎಂದೆ.

ಅಪ್ಪನಿಗೆ ಸೆಕೆಂಡಿನ ಲೆಕ್ಕವಿಲ್ಲ. ಕೈಯಿಂದ ಅಂಚನ್ನು ತಟ್ಟುತ್ತ ಹದಿನಾಲ್ಕರ ತನಕ ಎಣಿಸಿದ. ಎಣಿಸುವಾಗ ಅದು ಬಹಳ ದೊಡ್ಡದಾಗಿತ್ತು.

“ಅಂವ ಮಾಡಿದ್ದು ಅಂವಗ ಆತು. ಅದಕ್ಕ ನನಗೇನೂ ಬ್ಯಾಸರ ಇಲ್ಲ. ಇನ್ನೂ ನಾಕ ಗುಟುಕ ನೀರ ಕುಡೀಬೇಕಿತ್ತು ಮಗ.” ಸ್ವಲ್ಪ ನಕ್ಕ. ಆಮೇಲೆ ನಗಲಿಲ್ಲ. “ಆ ಸರ ಏನ್ ಮಾಡಿದ್ರವಾ? ಅವ್ರಿಗೆ ಈಜ ಬರಂಗಿಲ್ಲ. ಹೆಂಡ್ತಿ ಮಕ್ಕಳ ಬಿಟ್ಟು ನಿನ್ನ ಮಾತ ಕೇಳಿ ಕುಂತಿದ್ರು.”

ಕಾರ್ಯದರ್ಶಿಯ ಕೈ ಹಲಗೆಯಿಂದ ಬಿಟ್ಟ ಫೋಟೋ ನನ್ನ ಬಳಿ ಇತ್ತು. ಅದನ್ನು ಹಲವು ಸಲ ನೋಡಿದ್ದೆ. ನೋಡುವಾಗೆಲ್ಲ ನನ್ನ ಕಣ್ಣು ಅವರನ್ನು ದಾಟಿ ಹಿಂದೆ ಕುಳಿತವನ ಮುಖಕ್ಕೇ ಹೋಗುತ್ತಿತ್ತು.

“ದೋಣ್ಯಾಗ ಕುಂತಾಕಿ ಗಂಟ ನೋಡಿದ್ರ ಮೊದಲು ಕೂಗ್ಬೇಕು. ವೈರಿ ಇರ್ಲಿ, ಯಾರರ ಇರ್ಲಿ. ಹಂಗ ಕೂಗದಾಕಿನ್ನ ನಾ ಕುಂದ್ರಿಸಿಕೊಳ್ಳಂಗಿಲ್ಲ.”

“ಇನ್ನ ಯಾವತ್ತೂ?”

“ಸದ್ಯಕ್ಕ ಇಲ್ಲ.”

ಅವನು ದೋಣಿ ದೂಡಿ ಹತ್ತಿದ. ಈ ಮಾತಾಗಿ ಎರಡು ತಿಂಗಳಾಯಿತು. ಪ್ರತಿ ಐತವಾರ ದಂಡೆಗೆ ಹೋಗುತ್ತೇನೆ, ಬುಟ್ಟಿ ಎತ್ತಿಕೊಡುತ್ತೇನೆ. ಅವನು ‘ದೋಣಿ ಹತ್ತು’ ಎನ್ನುವುದಿಲ್ಲ, ನಾನೂ ಕೇಳುವುದಿಲ್ಲ. ಮುಳುಗಿದ ಊರಿನ ನೀರಿನ ಮೇಲೆ ಅವನ ಹಾಯಿ ಓಣಿ ಓಣಿ ತಿರುಗುವುದು ಇಲ್ಲಿಂದ ಕಾಣುತ್ತದೆ. ಹೋದ ವಾರ ಕಾರ್ಯದರ್ಶಿಯ ಮನೆಗೆ ಯಲಬುರ್ಗಾಕ್ಕೆ ಹೋಗಿ ತಪ್ಪಾಯಿತು ಎಂದು ಬಂದೆ. ಅವರು ಚಹಾ ಕೊಟ್ಟು, “ಯಾವ ತಪ್ಪವಾ? ನೀನ ಅಲ್ಲ ಹಗ್ಗ ಕಡದಾಕಿ!” ಎಂದರು. ನಾನು ಆ ಹದಿನಾಲ್ಕು ಸೆಕೆಂಡಿನ ಮಾತನ್ನು ಅವರಿಗೂ ಹೇಳಿದೆ. ಅವರು ಚಹಾದ ಬಸಿಯನ್ನು ಕೆಳಗಿಟ್ಟರು. ಅತ್ತೆಯ ಮಗನ ಮನೆ ಅದೇ ದಾರಿಯಲ್ಲಿ ಮುಂದಿತ್ತು. ಅಲ್ಲಿ ನಾನು ಬಸ್ಸು ಇಳಿಯಲಿಲ್ಲ.